ಜನರಲ್ ಆಸ್ಪತ್ರೆಯ ಮೈಲಿಗೆ ಕೋಣೆ

"ಉಚ್ಚೆ ಹೊಯ್ಯೋದಕ್ಕೆ ಹನ್ನೊಂದು ನಿಮಿಷ! ನಿನ್ನೆ ಒಂಬತ್ತು ಹತ್ತಕ್ಕೆ ಹೋಗಿದ್ದೀಯ, ಒಂಬತ್ತು ಇಪ್ಪತ್ತೊಂದಕ್ಕೆ ಬಂದಿದ್ದೀಯ. ಹನ್ನೊಂದು ನಿಮಿಷ ಒಳಗೆ ಕೂತು ಏನ್ಮಾಡ್ತಿದ್ದೆ?"

ಹಾಲ್ವರ್ಸನ್ ಇದನ್ನು ಕೇಳಿದ್ದು ನಮ್ಮೆಲ್ಲರ ಎದುರಿಗೆ, ಬೆಳಗಿನ ಹಾಜರಿ ಹೊತ್ತಿನಲ್ಲಿ. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು. ಲಾಂಡ್ರಿಯಲ್ಲಿ ಎಷ್ಟು ಕೆಲಸ ಆಗುತ್ತದೆ, ಎಷ್ಟು ಹೊತ್ತು ಸೋರಿ ಹೋಗುತ್ತದೆ ಎಂದು ಅಳೆಯಲು ಸರ್ಕಾರವೇ ಕಳಿಸಿದ ಮನುಷ್ಯ. ಎರಡು ವಾರದಿಂದ ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತಿದ್ದ.

ಬೈಸಿಕೊಂಡವಳು ವರ್ನಾ ಓಕಿಮಾ. ಐವತ್ತೆಂಟು ವರ್ಷದ ಹೆಂಗಸು. ಅವಳು ತಲೆ ತಗ್ಗಿಸಲಿಲ್ಲ.

"ಸ್ವಾಮಿ, ಆ ಕೋಣೆಯಿಂದ ಈಚೆಗೆ ಬರ್ಬೇಕಾದ್ರೆ ನಾನು ಗೌನು ಬಿಚ್ಬೇಕು, ಬೂಟು ಬಿಚ್ಬೇಕು, ಎಲ್ಡು ಜೊತೆ ಗ್ಲೌಸು ಬಿಚ್ಬೇಕು, ಮೊಣಕೈಗಂಟ ಸೋಪಾಕಿ ಉಜ್ಜಬೇಕು. ನಿಮ್ಮ ರೂಲೇ ಅದು. ಆಮೇಕೆ ಉಚ್ಚೆ. ಆಮೇಕೆ ಅವನ್ನೆಲ್ಲ ತಿರ್ಗಾ ಹಾಕ್ಕಬೇಕು. ಉಚ್ಚೆ ಒಂದೇ ನಿಮ್ಷ ಹೊಯ್ದಿದ್ದು. ನಂಬಿಕೆ ಇಲ್ದಿದ್ರೆ ನಾಳೆ ನೀವೇ ಒಳಗ್ ಬನ್ನಿ, ಗಡಿಯಾರ ಹಿಡ್ಕಂಡು ಎದುರಿಗೇ ನಿಂತ್ಕಳಿ."

ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಹಾಲ್ವರ್ಸನ್ ನಗಲಿಲ್ಲ. ಹಾಳೆಯ ಮೇಲೆ ಏನೋ ಗೀಚಿಕೊಂಡ. 'ಉದ್ಧಟತನ' ಎಂದು ಬರೆದುಕೊಂಡದ್ದನ್ನು ಮುಂದಿನ ಸಾಲಿನಲ್ಲಿದ್ದ ಲೂಜ್ ಕಣ್ಣಾರೆ ನೋಡಿದಳಂತೆ.

ನಮ್ಮ ಲಾಂಡ್ರಿ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಗಾಜಿನ ಕಿಟಕಿ, ಬಾಗಿಲ ಮುಂದೆ ನೆಲಕ್ಕೆ ಬಳಿದ ಹಳದಿ ಗೆರೆ. ಗೆರೆಯ ಆಚೆ ಮೈಲಿಗೆ ಕೋಣೆ. ಎಂಟು ಮಹಡಿಯ ರೋಗಿಗಳ ಹೊದಿಕೆ, ಹಾಸಿಗೆ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವೂ ಚೀಲ ಚೀಲವಾಗಿ ಕೊಳವೆಯಲ್ಲಿ ಜಾರಿ ಅಲ್ಲಿಗೆ ಬಂದು ಬೀಳುತ್ತಿದ್ದವು. ವರ್ನಾ ಮತ್ತು ಐವರು ಅದನ್ನು ಬಿಚ್ಚಿ, ಕೈಯಲ್ಲಿ ಬೇರ್ಪಡಿಸಿ ಯಂತ್ರಕ್ಕೆ ಹಾಕುತ್ತಿದ್ದರು. ಯಂತ್ರದ ಇನ್ನೊಂದು ಬಾಯಿ ನಮ್ಮ ಕಡೆ ತೆರೆಯುತ್ತಿತ್ತು. ನಾವು ಶುಭ್ರ ಕಡೆಯವರು. ಇಸ್ತ್ರಿಯ ಬಿಸಿ ರೋಲರಿಗೆ ಕೊಡುವುದು, ಮಡಿಸುವುದು, ಗಾಡಿಗೆ ಪೇರಿಸುವುದು ನಮ್ಮ ಕೆಲಸ. ಲೂಜ್ ಮತ್ತು ನಾನು ಒಂದೇ ರೋಲರಿನ ಎರಡು ತುದಿ ಹಿಡಿಯುವವರು.

ಕ್ಯಾಂಟೀನಿನಲ್ಲಿ ಮೈಲಿಗೆ ಕಡೆಯವರು ಬಾಗಿಲ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಹಾಗೆ ಯಾರೂ ಆಜ್ಞೆ ಮಾಡಿರಲಿಲ್ಲ. ನಾನು ಸೇರಿದ ದಿನದಿಂದಲೂ ಹಾಗೇ ಇತ್ತು. ಹನ್ನೊಂದು ವರ್ಷದಲ್ಲಿ ನಾನು ಒಂದು ದಿನವೂ ಆ ಮೇಜಿನಲ್ಲಿ ತಟ್ಟೆ ಇಟ್ಟವಳಲ್ಲ.

ಉಚ್ಚೆಯ ಮಾತಾದ ಮಾರನೇ ದಿನ ಹಾಲ್ವರ್ಸನ್ ಮೈಲಿಗೆ ಕೋಣೆಯನ್ನು ಅಳೆಯಲು ಹೋದ. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಮೂಗಿಗೆ ಎರಡು ಮಾಸ್ಕು ಕಟ್ಟಿಕೊಂಡು ಬಾಗಿಲಲ್ಲೇ ನಿಂತ. ವರ್ನಾ ಮೊದಲ ಚೀಲ ಬಿಚ್ಚಿದಳು. ಹೆರಿಗೆ ಕೋಣೆಯದು. ರಕ್ತ, ನೀರು, ಮಾಸಿನ ಚೂರು ಎಲ್ಲ ಸೇರಿ ಬಟ್ಟೆ ಒಂದಕ್ಕೊಂದು ಅಂಟಿತ್ತು. ಎರಡನೆಯದು ವಯಸ್ಸಾದವರ ವಾರ್ಡಿನದು. ಅದರೊಳಗಿಂದ ಒಂದು ಹಲ್ಲಿನ ಸೆಟ್ಟು ಉರುಳಿ ಬಿತ್ತು. ವರ್ನಾ ಅದನ್ನೆತ್ತಿ ತೊಳೆದು, ಹಲ್ಲು ಕಳೆದುಕೊಂಡ ಮುದುಕರಿಗಾಗಿಯೇ ಅವಳು ಇಟ್ಟಿದ್ದ ಡಬ್ಬಿಗೆ ಹಾಕಿದಳು.

"ಅದು ನಿನ್ನ ಕೆಲಸದ ಪಟ್ಟಿಯಲ್ಲಿಲ್ಲ," ಎಂದ ಹಾಲ್ವರ್ಸನ್ ಮಾಸ್ಕಿನೊಳಗಿಂದ. "ನಲವತ್ತು ಸೆಕೆಂಡು ಹೋಯ್ತು."

"ಹಲ್ಲಿಲ್ದೆ ಆ ಮುದುಕಪ್ಪ ಊಟ ಹೆಂಗ್ ಮಾಡ್ತಾನೆ ಸ್ವಾಮಿ?"

"ಅದು ನಿನಗೆ ಸಂಬಂಧ ಇಲ್ಲ. ಮುಂದಿನ ಚೀಲ."

ಮೂರನೇ ಚೀಲ ಬಿಚ್ಚುವಷ್ಟರಲ್ಲಿ ಅವನು ಗೋಡೆಗೆ ಒರಗಿ ವಾಂತಿ ಮಾಡಿಕೊಂಡ. ವರ್ನಾ ಒಂದು ಹಳೆಯ ಟವೆಲ್ ಕೊಟ್ಟಳು. ಅವನು ಒರೆಸಿಕೊಂಡು ಹೋದಮೇಲೆ ಆ ಟವೆಲನ್ನೂ ಚೀಲಕ್ಕೆ ಹಾಕಿ, ನೆಲ ತೊಳೆದು, ಕಿಟಕಿಯ ಕಡೆ ತಿರುಗಿ ತನ್ನ ಮಣಿಕಟ್ಟು ಮುಟ್ಟಿ ತೋರಿಸಿದಳು. ಎಷ್ಟು ನಿಮಿಷ ಆಯಿತು ಬರೆದುಕೊಳ್ಳಿ ಎನ್ನುವಂತೆ.

ಅವಳು ಈ ನೆಲದ ಮೂಲನಿವಾಸಿಗಳಾದ ಕ್ರೀ ಜನದವಳು. ಉತ್ತರದಲ್ಲಿ, ಸರೋವರದ ದಂಡೆಯಲ್ಲಿ ಸರ್ಕಾರ ಅವರಿಗೆಂದು ಗೆರೆ ಎಳೆದುಕೊಟ್ಟ ರಿಸರ್ವಿನಲ್ಲಿ ಹುಟ್ಟಿದವಳು. ಇಪ್ಪತ್ತಾರು ವರ್ಷ ಅದೇ ಕೋಣೆಯಲ್ಲಿ ದುಡಿದವಳು. ಎರಡು ವರ್ಷದ ಹಿಂದೆ ಯಾರೋ ಡಾಕ್ಟರು ಹೊದಿಕೆಯಲ್ಲೇ ಬಿಟ್ಟಿದ್ದ ಸೂಜಿ ಅವಳ ಅಂಗೈಗೆ ಇಳಿದಿತ್ತು. ಆರು ತಿಂಗಳಿಗೆ ಕಣ್ಣು ಹಳದಿಯಾಯಿತು. ಯಕೃತ್ತಿಗೆ ಸೋಂಕು ಎಂದರು. ಪರಿಹಾರದ ಅರ್ಜಿ ಹಿಡಿದು ಸೂಪರ್‌ವೈಸರ್ ಪ್ರ್ಯಾಟ್ ಹತ್ತಿರ ಹೋದರೆ ಅವನು ಅರ್ಜಿ ಓದದೆಯೇ ನಕ್ಕನಂತೆ.

"ಸೂಜಿಯಿಂದ ಬಂತೋ, ಬಾಟ್ಲಿಯಿಂದ ಬಂತೋ ಯಾರು ಹೇಳ್ತಾರೆ? ನಿಮ್ಮ ಜನದ ಲಿವರ್ ಹೆಂಗಿರುತ್ತೆ ಅಂತ ಊರಿಗೇ ಗೊತ್ತು."

ವರ್ನಾ ಹೆಂಡ ಮುಟ್ಟಿದವಳಲ್ಲ. ಆದರೂ ಅರ್ಜಿ ವಾಪಸು ಬಂತು.

*

ಹಿಂದಿನ ಚುನಾವಣೆಯಲ್ಲಿ ನಾನು ಈ ಸರ್ಕಾರಕ್ಕೇ ಓಟು ಹಾಕಿದ್ದೆ. ನನ್ನ ಗಂಡ ಅಮಾದೆವು ಲಾರಿ ಓಡಿಸುವವನು. ಇಡೀ ದಿನ ಲಾರಿಯಲ್ಲಿ ರೇಡಿಯೋ ಕೇಳಿ, ಕೇಳಿದ್ದನ್ನೆಲ್ಲ ಸಂಜೆ ಅಡಿಗೆಮನೆಗೆ ತಂದು ಸುರಿಯುತ್ತಿದ್ದ. ನಾವು ಸಾಗರದಾಚೆಯ ಅಝೋರ್ಸ್ ದ್ವೀಪಗಳಿಂದ ಬಂದವರು. ಅಲ್ಲಿ ಸರ್ಕಾರ ಎಂದರೆ ಪೋಲೀಸಿನವನ ಬೂಟು. ಇಲ್ಲಿ ಬಂದು ಓಟು ಸಿಕ್ಕಾಗ ಅವನಿಗೆ ಮದುವೆಯಾದಷ್ಟು ಸಂತೋಷವಾಗಿತ್ತು.

"ಸಾಲ ಮಾಡಿ ದೇಶ ನಡ್ಸಕ್ಕಾಯ್ತದೇನೆ?" ಎನ್ನುತ್ತಿದ್ದ, ಬ್ರೆಡ್ಡನ್ನು ಸಾರಿಗೆ ಅದ್ದುತ್ತ. "ಸುಧಾರಣೆ ಆಗ್ಬೇಕು. ಆಫೀಸ್ನಲ್ಲಿ ಕುಂತು ತಿನ್ನೋರ್ನ ಕಿತ್ತಾಕ್ಬೇಕು. ಇವ್ನು ಮಾಡ್ತಾನೆ ನೋಡು."

"ನನ್ನನ್ನೂ ಕಿತ್ತಾಕಿದ್ರೆ?"

"ನೀನು ಕುಂತ್ ತಿಂತೀಯಾ? ನಿನ್ಯಾಕ್ ಕೀಳ್ತಾರೆ? ಹೆಣ ಒದ್ದೆ ಮಾಡಿದ ಬಟ್ಟೆ ಮಂತ್ರಿ ಹೆಂಡ್ತಿ ಬಂದು ಮಡಿಸ್ತಾಳಾ?"

ಮಂತ್ರಿಯ ಹೆಂಡತಿ ಬರಲಿಲ್ಲ. ಮಂತ್ರಿಯೇ ಬಂದ. ಜನವರಿಯ ಮಧ್ಯ, ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಆರೋಗ್ಯ ಮಂತ್ರಿ ಲಾಂಡ್ರಿ ನೋಡುತ್ತಾರೆ ಎಂದು ಪ್ರ್ಯಾಟ್ ನಮಗೆಲ್ಲ ಹೊಸ ಬಿಳಿ ಟೋಪಿ ಕೊಟ್ಟ. ಮೈಲಿಗೆ ಕೋಣೆಯ ಕಿಟಕಿಗೆ ಒಳಗಿನಿಂದ ಕಾಗದ ಅಂಟಿಸಿದ. ಅಲ್ಲಿಯ ಆರು ಜನಕ್ಕೆ, ಮಂತ್ರಿ ಹೋಗುವತನಕ ಬಾಗಿಲು ತೆರೆಯಬೇಡಿ ಎಂದು ಹೇಳಿ ಹೊರಗಿನಿಂದ ಅಗಳಿ ಹಾಕಿದ.

ಮಂತ್ರಿ ಒಗೆದ ಹೊದಿಕೆಗಳ ರಾಶಿಯ ಮುಂದೆ ನಿಂತ. ಫೋಟೋದವರು ಬಂದರು. ಲೂಜ್ ಮತ್ತು ನನ್ನನ್ನು ಎರಡು ಕಡೆ ನಿಲ್ಲಿಸಿದರು. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, "ಆಹಾ, ನನ್ನ ಅಜ್ಜಿ ಮನೆ ವಾಸನೆ!" ಎಂದ. "ಇಂಥ ಹೆಣ್ಣುಮಕ್ಕಳೇ ಈ ಪ್ರಾಂತ್ಯದ ಬೆನ್ನೆಲುಬು. ಎಲ್ಲರೂ ಸ್ವಲ್ಪ ದಿನ ಹೊಟ್ಟೆ ಬಿಗಿ ಹಿಡಿಯಬೇಕಮ್ಮ. ನಾನೂ ಹಿಡೀತಿದ್ದೀನಿ." ಹೊಟ್ಟೆಯನ್ನು ತಟ್ಟಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಸರ್, ಲಾಂಡ್ರಿ ಮುಚ್ತಾರೆ ಅಂತಾವ್ರೆ," ಎಂದೆ. ನನ್ನ ಧ್ವನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಯಾರು ಹೇಳಿದ್ದು?" ಎಂದು ಮಂತ್ರಿ ನನ್ನನ್ನಲ್ಲ, ಪ್ರ್ಯಾಟ್‌ನನ್ನು ಕೇಳಿದ.

ಆಗ ಮೈಲಿಗೆ ಕೋಣೆಯ ಬಾಗಿಲನ್ನು ಒಳಗಿನಿಂದ ಯಾರೋ ಬಡಿದರು. ನಿಧಾನವಾಗಿ, ಒಂದೇ ಸಮನೆ, ಒಂದು ಎರಡು ಮೂರು.

"ಅಲ್ಲೇನು?" ಎಂದ ಮಂತ್ರಿ.

"ಯಂತ್ರ ಸರ್," ಎಂದ ಪ್ರ್ಯಾಟ್. "ಹಳೇದು. ಹಂಗೇ ಸದ್ದು ಮಾಡುತ್ತೆ."

ಮರುದಿನದ ಪತ್ರಿಕೆಯಲ್ಲಿ ಮಂತ್ರಿಯ ಪಕ್ಕದಲ್ಲಿ ಟೋಪಿ ಹಾಕಿಕೊಂಡು ನಾನು ನಗುತ್ತಿದ್ದೆ. ಅಮಾದೆವು ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ.

ಹತ್ತು ದಿನಕ್ಕೆ ಕಾಗದ ಬಂತು. ನಮ್ಮ ಲಾಂಡ್ರಿ ಮುಚ್ಚುತ್ತದೆ. ಬಟ್ಟೆ ಇನ್ನು ನಾನೂರು ಕಿಲೋಮೀಟರ್ ಆಚೆಯ ಒಂದು ಖಾಸಗಿ ಕಂಪನಿಗೆ ಲಾರಿಯಲ್ಲಿ ಹೋಗಿ, ಅಲ್ಲಿ ತೊಳೆದು, ಲಾರಿಯಲ್ಲಿ ವಾಪಸು ಬರುತ್ತದೆ. ಕೊನೆಯ ವಾರಗಳಲ್ಲಿ ಆ ಕಂಪನಿಯ ಜನ ಬರುತ್ತಾರೆ, ಅವರಿಗೆ ಕೆಲಸ ಕಲಿಸಿಕೊಟ್ಟು ಸಹಕರಿಸಬೇಕು. ಕೆಳಗೆ ಸಹಿ.

ಮೂರು ವರ್ಷದ ಹಿಂದೆ ಕೆಲಸ ಉಳಿಯಲಿ ಎಂದು ನಾವೇ ಕೈಯಾರೆ ಸಂಬಳ ಇಳಿಸಿಕೊಂಡಿದ್ದೆವು. ಲೂಜ್ ಕಾಗದವನ್ನು ಎರಡು ಸಲ ಓದಿದಳು. "ಕಲಿಸ್ಕೊಡ್ಬೇಕಂತೆ," ಎಂದಳು. "ನನ್ನ ಕುತ್ಗೆ ಕುಯ್ಯೋನ್ಗೆ ಚಾಕು ಹೆಂಗಿಡಿಯೋದು ಅಂತ ನಾನೇ ತೋರಿಸ್ಬೇಕಂತೆ, ಬೋಳೀಮಕ್ಳು!"

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಮೈಲಿಗೆ ಕೋಣೆಯ ಬಾಗಿಲು ತೆರೆಯಿತು. ವರ್ನಾ ಗೌನು ಬಿಚ್ಚಿರಲಿಲ್ಲ, ಗ್ಲೌಸು ಬಿಚ್ಚಿರಲಿಲ್ಲ, ಬೂಟು ಬಿಚ್ಚಿರಲಿಲ್ಲ. ಎದೆಯ ಮೇಲೆ ಯಾರದೋ ರಕ್ತ. ಹಾಗೆಯೇ ಹಳದಿ ಗೆರೆ ದಾಟಿದಳು.

"ಏಯ್! ಏಯ್!" ಎಂದು ಪ್ರ್ಯಾಟ್ ಓಡಿಬಂದ. "ಗೆರೆ! ಗೆರೆ ಕಾಣಲ್ವಾ ನಿನಗೆ? ಎಲ್ಲಾ ಮೈಲಿಗೆ ಮಾಡ್ತಿದ್ದೀಯಾ!"

ವರ್ನಾ ಅವನ ಕಡೆ ಎರಡು ಕೈಯನ್ನೂ ಚಾಚಿದಳು. ಅವನು ಹಾರಿ ಹಿಂದಕ್ಕೆ ಸರಿದ. ಅವಳು ನಮ್ಮ ಮೇಜುಗಳ ನಡುವೆ ನಡೆದು, ಗೋಡೆಯ ಮೇಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿದಳು. ರೋಲರು ನಿಂತಿತು. ಯಂತ್ರಗಳು ಒಂದೊಂದಾಗಿ ಗೊರಗೊರ ಎಂದು ನಿಂತವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ನೆಲಮಾಳಿಗೆಯಲ್ಲಿ ನನಗೆ ನನ್ನ ಉಸಿರು ಕೇಳಿಸಿತು.

"ನಾನ್ ಹೊರಗೋಯ್ತಿದೀನಿ," ಎಂದಳು ವರ್ನಾ. "ಬರೋರ್ ಬನ್ನಿ. ಕೋಟು ಹಾಕ್ಕಳಿ, ಚಳಿ ಐತೆ."

*

ನಾವು ಅರವತ್ತೊಂದು ಜನ ಆಸ್ಪತ್ರೆಯ ಗೇಟಿನ ಮುಂದೆ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ನಿಂತೆವು. ಒಪ್ಪಂದದ ಅವಧಿ ಮುಗಿಯದೆ ನಾವು ಕೆಲಸ ಬಿಟ್ಟದ್ದು ಕಾನೂನಿಗೆ ವಿರುದ್ಧ ಎಂದು ಮಧ್ಯಾಹ್ನದ ರೇಡಿಯೋ ಹೇಳಿತು. ಮರುದಿನ ಅಡಿಗೆಮನೆಯವರು ಬಂದರು. ಅದರ ಮರುದಿನ ನೆಲ ಒರೆಸುವವರು, ರೋಗಿಗಳನ್ನು ತಳ್ಳುವವರು. ಕಾರಿನವರು ಹಾರ್ನ್ ಬಡಿದು ಕೈಬೀಸಿದರು. ಒಬ್ಬ ಕಾರು ನಿಧಾನ ಮಾಡಿ, ಗಾಜಿಳಿಸಿ, "ಸೋಮಾರಿ ಮುಂಡೇರಾ, ನನ್ನ ತೆರಿಗೆ ತಿಂದು ಕೊಬ್ಬಿದ್ದೀರಾ!" ಎಂದು ಬಿಸಿ ಕಾಫಿ ಎರಚಿ ಹೋದ. ಅದು ನೆಲಕ್ಕೆ ಬಿದ್ದು ಗಳಿಗೆಯಲ್ಲಿ ಹೆಪ್ಪುಗಟ್ಟಿತು.

ವರ್ನಾ ದಿನಾ ಬೆಳಿಗ್ಗೆ ಒಂದು ತಗಡಿನ ಡಬ್ಬಿಯಲ್ಲಿ ಬ್ಯಾನಕ್ ತರುತ್ತಿದ್ದಳು. ಅವರ ಕಡೆಯ ಕರಿದ ರೊಟ್ಟಿ ಅದು. ಮೊದಲ ದಿನ ನನ್ನ ಮುಂದೆ ಡಬ್ಬಿ ಹಿಡಿದಾಗ ನನ್ನ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಅವಳು ಅದನ್ನು ನೋಡಿದಳು.

"ಕೈ ತೊಳ್ಕಂಡೇ ಮಾಡಿರೋದು ಕಣೆ ಲಿಂಡಾ," ಎಂದಳು. "ಮೊಣಕೈಗಂಟ."

ನಾನು ತಿಂದೆ. ಎರಡು ತಿಂದೆ. ಮರುದಿನ ನಾನು ಎಲೆಕೋಸಿನ ಸಾರು ಮಾಡಿ ದೊಡ್ಡ ಪಾತ್ರೆಯಲ್ಲಿ ತಂದೆ. ಅವಳು ಕುಡಿದು ತುಟಿ ಒರೆಸಿಕೊಂಡು, "ಉಪ್ಪು ಕಮ್ಮಿ," ಎಂದಳು. ಅವತ್ತಿನಿಂದ ನಾನು ಅವಳನ್ನು ವರ್ನಕ್ಕ ಎಂದು ಕರೆಯತೊಡಗಿದೆ.

ಬೆಂಕಿಯ ಸುತ್ತ ರಾಜಕೀಯದ ಮಾತು ಬಿಟ್ಟರೆ ಇನ್ನೇನು? ಅವನು ಬಂದಿದ್ದರೆ ಹೀಗಾಗುತ್ತಿರಲಿಲ್ಲ, ಇವನನ್ನು ಇಳಿಸಬೇಕು, ಮುಂದಿನ ಸಲ ತೋರಿಸೋಣ. ನಾನು ಈ ಸರ್ಕಾರಕ್ಕೇ ಓಟು ಹಾಕಿದ್ದನ್ನು ಹೇಳಿಕೊಂಡೆ. ಯಾರೂ ಬೈಯಲಿಲ್ಲ. ಅರ್ಧಕ್ಕರ್ಧ ಜನ ಹಾಕಿದ್ದರು.

"ನಮ್ಮಪ್ಪಂಗೆ ಓಟೇ ಇರ್ನಿಲ್ಲ," ಎಂದಳು ವರ್ನಾ, ಬೆಂಕಿಗೆ ಮರದ ಹಲಗೆ ತುರುಕುತ್ತ. "ರಿಸರ್ವ್ ಬುಟ್ಟು ಪೇಟೆಗೆ ಹೋಗ್ಬೇಕಾದ್ರೂ ಸರ್ಕಾರದೋನ ಚೀಟಿ ಬೇಕಾಗಿತ್ತು. ಓಟಿಲ್ದಾಗ್ಲೂ ಒದೀತಿದ್ರು, ಓಟು ಬಂದ್ಮ್ಯಾಕೂ ಒದೀತಾವ್ರೆ. ಈಗ ಒದೆಯಕ್ ಮುಂಚೆ ಕೈ ಕುಲುಕ್ತಾರೆ, ಫೋಟ ತೆಗಿಸ್ಕತಾರೆ. ಅಷ್ಟೇಯ."

"ನಮ್ಮೂರಲ್ಲಾದ್ರೆ ಗುಂಡು ಹಾರಿಸ್ತಿದ್ರು ಅಕ್ಕ," ಎಂದಳು ಲೂಜ್. ಅವಳು ಫಿಲಿಪ್ಪೀನ್ಸಿನವಳು. "ಇಲ್ಲಿ ಪೋಲೀಸ್ರು ಬಂದು ಚಳಿಯಾಯ್ತಿದ್ಯಾ ಅಂತ ಕೇಳ್ತಾರೆ."

"ತಡಿ, ಇಲ್ಲಿ ಗುಂಡು ಕಾಗದದಾಗೆ ಬರ್ತದೆ."

ಆರನೇ ದಿನ ಬಂತು. ಕಾರ್ಮಿಕ ಮಂಡಳಿಯ ಆದೇಶ. ತಕ್ಷಣ ಕೆಲಸಕ್ಕೆ ಹಾಜರಾಗಬೇಕು, ಇಲ್ಲವಾದರೆ ದಂಡ, ಜೈಲು. ಅವತ್ತೇ ಮಧ್ಯಾಹ್ನ ಯೂನಿಯನ್ನಿನ ಮುಖಂಡ ಗಾರ್ತ್ ನಮ್ಮನ್ನೆಲ್ಲ ಪಕ್ಕದ ಚರ್ಚಿನ ಕೆಳಗಿನ ಹಾಲಿಗೆ ಕರೆದ. ದಪ್ಪ ಮೀಸೆಯ ಒಳ್ಳೆಯ ಮನುಷ್ಯ. ಆರು ದಿನವೂ ನಮ್ಮ ಜೊತೆ ನಿಂತಿದ್ದ. ಮೂರು ರಾತ್ರಿ ನಿದ್ದೆ ಮಾಡಿರದ ಅವನ ಕಣ್ಣು ಕೆಂಪಾಗಿತ್ತು.

"ಸರ್ಕಾರ ಒಂದು ಹೆಜ್ಜೆ ಹಿಂದೆ ಬಂದಿದೆ," ಎಂದ. "ಲಾಂಡ್ರಿ ಮುಚ್ಚೋದನ್ನ ನಿಲ್ಸಕ್ಕಾಗಲ್ಲ. ಆದ್ರೆ ನಿಮಗೆಲ್ಲ ಆಸ್ಪತ್ರೆ ಒಳಗೇ ಬೇರೆ ಕೆಲಸ ಕೊಡಕ್ಕೆ ಒಪ್ಕೊಂಡಿದ್ದಾರೆ. ಇದಕ್ಕಿಂತ ಜಾಸ್ತಿ ಯಾರ ಕೈಲೂ ತರಕ್ಕಾಗಲ್ಲ. ಬೇರೆ ಯೂನಿಯನ್ನವರು ಹೊರಗೆ ಬರ್ತೀವಿ ಅಂದೋರು ಈಗ ಫೋನ್ ಎತ್ತುತ್ತಿಲ್ಲ."

"ಎಲ್ಲಾರ್ಗೂವಾ?" ವರ್ನಾ ಕೇಳಿದಳು.

ಗಾರ್ತ್ ಕಾಗದದ ಕಡೆ ನೋಡಿದ. "ಕಾಯಂ ಆದವರಿಗೆ."

"ಅಂದ್ರೆ?"

"ಮೈಲಿಗೆ ಕೋಣೆ ಸಾರ್ಟಿಂಗ್‌ನ ಆರು ಜನ... ಎರಡು ವರ್ಷದ ಹಿಂದೆ ನಿಮ್ಮ ದರ್ಜೆ ಬದಲಾಯಿಸಿದ್ರು ವರ್ನಾ. ಕಾಗದದ ಪ್ರಕಾರ ನೀವು ದಿನಗೂಲಿ."

"ಇಪ್ಪತ್ತಾರು ವರ್ಷದಿಂದ ದಿನಗೂಲಿನಾ ನಾನು?"

"ಕಾಗದದ ಪ್ರಕಾರ."

"ಆ ಕಾಗದ ಬಂದಾಗ ನೀನೆಲ್ಲಿದ್ದೆ?"

ಗಾರ್ತ್ ಕಾಗದವನ್ನು ಮಡಿಸಿದ. "ಕೈ ಎತ್ತಿ ಓಟು ಮಾಡೋಣ," ಎಂದ.

ಆರು ಜನ ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾವು ಐವತ್ತೈದು ಜನ. ಲೂಜ್ ನನ್ನ ಪಕ್ಕದಲ್ಲಿ ಅಳುತ್ತಿದ್ದಳು. ಒಪ್ಪಂದ ಬೇಕೆನ್ನುವವರು ಕೈ ಎತ್ತಿ ಎಂದ. ಮೊದಲು ಮುಂದೆ ಒಂದು ಕೈ, ಅದರ ಹಿಂದೆ ಎರಡು. ನನಗೆ ಮನೆ ಕಂಡಿತು, ಓದುತ್ತಿದ್ದ ಮಗಳು ಕಂಡಳು, ಲಾರಿಯ ಮೆಟ್ಟಿಲು ಹತ್ತುವಾಗ ಈಚೆಗೆ ಮಂಡಿ ಹಿಡಿದುಕೊಳ್ಳುವ ಅಮಾದೆವು ಕಂಡ. ನನ್ನ ಕೈ ಮೇಲೆ ಹೋಯಿತು.

ಗಾರ್ತ್ ಎಣಿಸಿ ಮುಗಿಸಿದ. ಎಲ್ಲರೂ ಕೈ ಇಳಿಸಿದರೂ ನನ್ನದು ಮೇಲೇ ಇತ್ತು. ನನಗೆ ಗೊತ್ತಾಗಿರಲಿಲ್ಲ. ವರ್ನಾ ಹೊರಗೆ ಹೋಗುವ ದಾರಿಯಲ್ಲಿ ನನ್ನ ಕುರ್ಚಿಯ ಪಕ್ಕ ನಿಂತಳು.

"ಇಳ್ಸು ಕಣೆ," ಎಂದಳು. "ಕೈ ನೋಯ್ತದೆ."

*

ಲಾಂಡ್ರಿ ಮುಚ್ಚುವತನಕ ನಾವೆಲ್ಲ ಕೆಲಸಕ್ಕೆ ವಾಪಸಾದೆವು, ಆ ಆರು ಜನವೂ. ಕಂಪನಿಯ ಇಬ್ಬರು ಗಂಡಸರು ಕೆಲಸ ಕಲಿಯಲು ಬಂದರು. ವರ್ನಾ ಎಂಟು ವಾರ ಅವರಿಗೆ ಮೈಲಿಗೆ ಕೋಣೆಯ ಕೆಲಸ ಕಲಿಸಿದಳು. ನಾನು ಕಿಟಕಿಯ ಕಡೆ ನೋಡುವುದನ್ನು ಬಿಟ್ಟೆ. ಕ್ಯಾಂಟೀನಿನಲ್ಲಿ ಅವಳು ಬಾಗಿಲ ಪಕ್ಕದ ಮೇಜಿಗೇ ಹೋದಳು, ನಾನು ನನ್ನ ಮೇಜಿಗೆ ಹೋದೆ. ವರ್ನಕ್ಕ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ಕೊನೆಯ ದಿನ ನಮಗೆಲ್ಲ ಕೇಕು ತಂದಿದ್ದರು. ಮೈಲಿಗೆ ಕಡೆಯವರಿಗೆ ಎರಡು ಗಂಟೆಗೇ ಹೋಗಿ ಎಂದಿದ್ದರು. ಬಾಗಿಲಲ್ಲಿ ಕಾವಲಿನವನು ಅವರ ಚೀಲ ತಡಕುತ್ತಿದ್ದ, ಪ್ರ್ಯಾಟ್ ಪಕ್ಕದಲ್ಲಿ ನಿಂತಿದ್ದ. ವರ್ನಾಳ ಚೀಲದಲ್ಲಿ ಊಟದ ಡಬ್ಬಿಗೆ ಸುತ್ತಿದ್ದ ಒಂದು ಟವೆಲ್ ಸಿಕ್ಕಿತು. ಆಸ್ಪತ್ರೆಯ ಮುದ್ರೆ ಇನ್ನೂ ಅಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ಕಡೆ ಹರಿದು ಜಾಲರಿಯಾಗಿತ್ತು.

"ಕಳ್ಳತನ," ಎಂದ ಪ್ರ್ಯಾಟ್.

"ಬಿಸಾಕಿದ್ದು ಅದು. ಚಿಂದಿ ಡಬ್ಬಿಯಿಂದ ಎತ್ಕಂಡಿದ್ದು. ಹತ್ತು ವರ್ಷಾಯ್ತು."

"ಚಿಂದಿಯೂ ಆಸ್ಪತ್ರೆಯದೇ. ಇದನ್ನ ನಿನ್ನ ಫೈಲಿಗೆ ಬರೀಬೇಕಾಗುತ್ತೆ. ಇನ್ನೆಲ್ಲೂ ಆಸ್ಪತ್ರೆ ಕೆಲಸ ಸಿಗಲ್ಲ ನಿನಗೆ."

ವರ್ನಾ ಟವೆಲನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ, ನಾಲ್ಕು ಮಡಿಕೆಯಾಗಿ ಮಡಿಸಿ ಅವನ ಕೈಗೆ ಕೊಟ್ಟಳು. "ತಗೋ. ನಿನ್ ತಿಕ ಒರ್ಸ್ಕಳಕ್ಕಾಯ್ತದೆ," ಎಂದಳು. ಬರಿಯ ಡಬ್ಬಿ ಕಂಕುಳಿಗಿಟ್ಟುಕೊಂಡು ಹೋದಳು.

ನಾನು ಹತ್ತು ಹೆಜ್ಜೆ ದೂರದಲ್ಲಿ ಕೇಕಿನ ತಟ್ಟೆ ಹಿಡಿದು ನಿಂತಿದ್ದೆ.

*

ಮುಂದಿನ ಚಳಿಗಾಲಕ್ಕೆ ನಾನು ನಾಲ್ಕನೇ ಮಹಡಿಯಲ್ಲಿದ್ದೆ. ವಾರ್ಡಿಗೆ ಬಟ್ಟೆ ಹಂಚುವುದು, ಹಾಸಿಗೆ ಹಾಸುವುದು. ಲೂಜ್ ಮೂರು ತಿಂಗಳು ಅಡಿಗೆಮನೆಯಲ್ಲಿದ್ದಳು, ಆಮೇಲೆ ಅಡಿಗೆಮನೆಯನ್ನೂ ಖಾಸಗಿಗೆ ಕೊಟ್ಟರು. ಕೆಳಗಿನ ಲಾಂಡ್ರಿಯಲ್ಲಿ ಮುರಿದ ಕುರ್ಚಿ ತುಂಬಿದ್ದರು. ನಾನೂರು ಕಿಲೋಮೀಟರಿಂದ ಬರುವ ಹೊದಿಕೆಗಳು ಕೆಲವು ದಿನ ಒದ್ದೆ, ಕೆಲವು ದಿನ ಹರುಕು, ಹಿಮ ಬಿದ್ದ ದಿನ ಬರುತ್ತಲೇ ಇರಲಿಲ್ಲ. ಚುನಾವಣೆ ಬಂತು. ಅದೇ ಸರ್ಕಾರ ಗೆದ್ದಿತು, ಮೊದಲಿಗಿಂತ ಹೆಚ್ಚು ಸೀಟಿನಲ್ಲಿ. ನಾನು ಓಟು ಹಾಕಲು ಹೋಗಲಿಲ್ಲ. ಅಮಾದೆವು ಹೋಗಿ ಬಂದ. ಯಾರಿಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಕಿಟಕಿ ಪಕ್ಕದ ಹಾಸಿಗೆ ಬದಲಾಯಿಸಲು ಹೋದರೆ ಅದರಲ್ಲಿ ವರ್ನಾ ಇದ್ದಳು. ಮೊದಲು ಗುರುತು ಸಿಗಲಿಲ್ಲ. ಮುಖದಲ್ಲಿ ಮಾಂಸ ಉಳಿದಿರಲಿಲ್ಲ, ಹೊಟ್ಟೆ ಮಾತ್ರ ತುಂಬು ಬಸುರಿಯಂತೆ ಊದಿತ್ತು. ಕಣ್ಣು ಹಳದಿ.

"ಬಂದ್ಯಾ ಲಿಂಡಾ," ಎಂದಳು. ನಿನ್ನೆ ಸಂಜೆ ಬಿಟ್ಟು ಹೋದವಳನ್ನು ಮಾತಾಡಿಸಿದ ಹಾಗೆ. "ಯಾಕೆ ಹಂಗ್ ನಿಂತ್ಕಂಡೆ? ನಿನ್ ಕೆಲ್ಸ ಮಾಡು."

ನರ್ಸ್ ಶೆರಿಲ್ ಅವಳನ್ನು ಒಂದು ಪಕ್ಕಕ್ಕೆ ಹೊರಳಿಸಿದಳು. ನಾನು ಒದ್ದೆಯಾಗಿದ್ದ ಹಾಸುಬಟ್ಟೆ ತೆಗೆದು ಹೊಸದನ್ನು ಬಿಡಿಸಿದೆ. ವರ್ನಾ ಅದರ ಅಂಚನ್ನು ಬೆರಳಲ್ಲಿ ಹಿಡಿದು ಉಜ್ಜಿದಳು, ಮೂಗಿನ ಹತ್ತಿರ ಒಯ್ದಳು, ಬೆಳಕಿಗೆ ಎತ್ತಿದಳು. ನಡುವೆ ಒಂದು ಅಗಲವಾದ ಕಂದು ಕಲೆ ಇತ್ತು.

"ರಕ್ತ," ಎಂದಳು. "ಬಿಸಿನೀರಿಗೆ ಹಾಕಿ ಕೂರ್ಸವ್ರೆ. ರಕ್ತಕ್ಕೆ ಮೊದ್ಲು ತಣ್ಣೀರು ಕಾಣಿಸ್ಬೇಕು. ನಾನ್ ಆ ಇಬ್ರಿಗೆ ಎಲ್ಲಾ ಹೇಳ್ಕೊಟ್ಟೆ ಕಣೆ, ಅದೊಂದ್ ಹೇಳ್ಲಿಲ್ಲ. ಬೇಕಂತ್ಲೇ." ನಗಲು ಹೋದಳು, ಕೆಮ್ಮು ಬಂತು. "ಎತ್ಕಂಡೋಗು ಇದ್ನ. ಅವ್ರ್ ಒಗ್ದಿರೋದ್ರ ಮ್ಯಾಲೆ ಮನಗಾಕಿಲ್ಲ ನಾನು."

"ಬೇರೆ ಇಲ್ಲಮ್ಮ, ಎಲ್ಲಾ ಅಲ್ಲಿಂದಾನೇ ಬರೋದು," ಎಂದಳು ಶೆರಿಲ್.

"ಹಂಗಾರೆ ಏನೂ ಬ್ಯಾಡ."

ಶೆರಿಲ್ ರಮಿಸಿದಳು, ಗದರಿದಳು. ವರ್ನಾ ಹಾಸುಬಟ್ಟೆಯನ್ನು ಕಾಲಿನಿಂದ ಒದ್ದು ಕೆಳಕ್ಕೆ ತಳ್ಳಿದಳು. ಇಷ್ಟು ಶಕ್ತಿ ಎಲ್ಲಿತ್ತೋ. ಕೊನೆಗೆ ಶೆರಿಲ್ ನನ್ನನ್ನು ಬಾಗಿಲ ಹತ್ತಿರ ಕರೆದು, "ನೋವಿನ ಇಂಜೆಕ್ಷನ್ ಹೊತ್ತಾಯ್ತು. ಕೊಡ್ತೀನಿ. ನಿದ್ದೆ ಹತ್ತಿದ ಮೇಲೆ ಇಬ್ರೂ ಸೇರಿ ಹಾಸಿಬಿಡೋಣ. ಅವಳಿಗೇನು ಗೊತ್ತಾಗುತ್ತೆ?" ಎಂದಳು.

ಅರ್ಧ ಗಂಟೆಗೆ ವರ್ನಾ ಬಾಯಿ ತೆರೆದು ಮಲಗಿದ್ದಳು. ಶೆರಿಲ್ ಆ ಕಡೆ, ನಾನು ಈ ಕಡೆ. ಗಾಡಿಯಲ್ಲಿ ಮೂರೇ ಹಾಸುಬಟ್ಟೆ ಉಳಿದಿದ್ದವು. ಹೆದ್ದಾರಿಯಲ್ಲಿ ಹಿಮಗಾಳಿ ಎದ್ದು ಲಾರಿ ಬಂದಿರಲಿಲ್ಲ.

"ಹಿಡ್ಕೋ," ಎಂದಳು ಶೆರಿಲ್, ಒಂದು ತುದಿ ನನ್ನ ಕಡೆ ಎಸೆದು.

ನಾನು ಹಿಡಿದು, ನೆಲಕ್ಕೆ ಬಿಟ್ಟೆ. ನೆಲ ಮುಟ್ಟಿದ ಬಟ್ಟೆ ಮೈಲಿಗೆ. ಅದನ್ನು ರೋಗಿಗೆ ಹಾಸುವಂತಿಲ್ಲ.

"ಛೆ! ಜಾರಿತಾ? ಇನ್ನೊಂದು ತಗೋ."

ಎರಡನೆಯದನ್ನೂ ಬಿಟ್ಟೆ. ಶೆರಿಲ್ ಈಗ ನನ್ನ ಮುಖ ನೋಡಿದಳು. ಮೂರನೆಯದನ್ನು ಗಾಡಿಯಿಂದ ನಾನೇ ತೆಗೆದು, ಅವಳು ನೋಡುತ್ತಿರುವಂತೆಯೇ ನೆಲಕ್ಕೆ ಹಾಕಿ, ಮೇಲೆ ಬೂಟಿಟ್ಟು ನಿಂತೆ.

"ತಲೆ ಕೆಟ್ಟಿದೆಯಾ ಲಿಂಡಾ? ಇಡೀ ವಾರ್ಡಿಗೆ ಅಷ್ಟೇ ಇದ್ದದ್ದು!"

"ಗೊತ್ತು."

ಅವಳು ಫೋನ್ ಮಾಡಿದಳು. ಪ್ರ್ಯಾಟ್ ಈಗ ಇಡೀ ಕಟ್ಟಡದ ಬಟ್ಟೆಯ ಮೇಲ್ವಿಚಾರಕ. ಅವನ ಧ್ವನಿ ಫೋನಿನಿಂದ ನನಗೂ ಕೇಳಿಸಿತು. ಕಾರ್ಡು, ಬೂಟು, ಕೋಟು ಇಡುವ ಬೀರುವಿನ ಬೀಗದ ಕೈ ಎಲ್ಲ ಕೊಟ್ಟು ಇವತ್ತೇ ಹೋಗಬೇಕಂತೆ, ಪಾಳಿ ಮುಗಿದ ಮೇಲೆ. ಬದಲಿಗೆ ಯಾರೂ ಇಲ್ಲದ್ದರಿಂದ ಪಾಳಿ ಮಾತ್ರ ಮುಗಿಸಬೇಕಂತೆ.

ವರ್ನಾ ಬರಿಯ ಪ್ಲಾಸ್ಟಿಕ್ ಹಾಸಿಗೆಯ ಮೇಲೆ ಮಲಗಿದ್ದಳು. ಕಿಟಕಿಯ ಸಂದಿಯಿಂದ ಗಾಳಿ ಶಿಳ್ಳೆ ಹಾಕುತ್ತಿತ್ತು. ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಹೊತ್ತಾದಾಗ ಶೆರಿಲ್ ಮಾತಾಡದೆ ಬಂದು ಹೆಗಲು ಹಿಡಿದಳು, ನಾನು ಸೊಂಟ ಹಿಡಿದೆ. ಎಳೆದೆವು. ಬೆವರಿಗೆ ಅಂಟಿಕೊಂಡಿದ್ದ ಬೆನ್ನು ಪ್ಲಾಸ್ಟಿಕ್ಕಿನಿಂದ ಪರ್ರೆಂದು ಬಿಟ್ಟುಬಂತು. ಒಂದು ಕಡೆ ತೆಳ್ಳಗೆ ಚರ್ಮ ಎದ್ದು, ಕೆಂಪು ಕಾಣಿಸಿತು.

ಅವಳು ಎಚ್ಚರವಾಗಲಿಲ್ಲ. ಪಾಳಿ ಮುಗಿಯಲು ಇನ್ನೂ ನಾಲ್ಕು ಗಂಟೆ ಇತ್ತು. ಅಷ್ಟರಲ್ಲಿ ಇನ್ನೆರಡು ಸಲ ಹೊರಳಿಸಬೇಕಿತ್ತು.